ತತ್ತಿ ಹಾಕದ ಕೇಕು

ಬೇಕರಿ ಕೆಲಸ ಕಲಿಯಲು ಬರುವ ಹುಡುಗಿಯರು ಮೊದಲು ಕೇಳುವುದು ಅಳತೆಯನ್ನು. ಒಂದು ಮೊಟ್ಟೆ ಬಿಟ್ಟರೆ ಅದರ ಬದಲು ಎಷ್ಟು ಮೊಸರು, ಎಷ್ಟು ಸೋಡಾ, ಎಷ್ಟು ಅಗಸೆ ಎಂದು ವಹಿ ತೆರೆದು ಕೂರುತ್ತಾರೆ. ನಾನು ಹೇಳುತ್ತೇನೆ, ಅವರು ಬರೆದುಕೊಳ್ಳುತ್ತಾರೆ. ಆ ಅಳತೆಗಳು ಈಗ ಮೊಬೈಲಿನಲ್ಲೂ ಸಿಗುತ್ತವೆ. ಬಹುಪಾಲು ಸರಿಯಾಗಿಯೂ ಇರುತ್ತವೆ. ಗಡಿಭಾಗದ ಜತ್ತ ಊರಿನ ಒಂದು ಬೇಕರಿಯಲ್ಲಿ ಇಪ್ಪತ್ತೇಳು ವರ್ಷ ಕೆಲಸ ಮಾಡಿ, ಮೊಣಕಾಲು ನೋವು ಹೆಚ್ಚಾದ ಮೇಲೆ ಬಿಟ್ಟು ಬಂದವಳು ನಾನು. ಅಳತೆಯಲ್ಲಿ ಸಿಗದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅವುಗಳಲ್ಲಿ ಒಂದು ನನ್ನ ತಪ್ಪಿನದು. ಅದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ ಕಲಿಯುವವರಿಗೆ ಉಪಯೋಗವಿಲ್ಲ.

ನನ್ನ ಹೆಸರು ಶಾಂತಾ, ಊರು ಯಳವಿ. ಬೆಳಗಿನ ಮೊದಲ ಸರಕಾರಿ ಎಸ್‌ಟಿ ಬಸ್ಸಿಗೆ ಜತ್ತಕ್ಕೆ ಹೋಗಿ ಸಂಜೆಯ ಬಸ್ಸಿಗೆ ಮರಳುತ್ತಿದ್ದೆ. ಸೇರಿದಾಗ ನನಗೆ ಕೊಟ್ಟ ಕೆಲಸ ಮೊಟ್ಟೆ ಒಡೆಯುವುದು. ಭಟ್ಟಿಯ ಹಿಂದೆ ಒಂದು ಕಲ್ಲಿನ ಕಟ್ಟೆ. ಅದರ ಮೇಲೆ ಮೊಟ್ಟೆಯ ಟ್ರೇಗಳು ಒಂದರ ಮೇಲೊಂದು. ಪ್ರತಿ ಮೊಟ್ಟೆಯನ್ನೂ ಮೊದಲು ಸಣ್ಣ ಬಟ್ಟಲಿಗೆ ಒಡೆದು, ಮೂಸಿ ನೋಡಿ, ಆಮೇಲೆ ದೊಡ್ಡ ಪಾತೇಲಿಗೆ ಸುರಿಯಬೇಕು. ಒಂದು ಕೆಟ್ಟ ಮೊಟ್ಟೆ ನೇರವಾಗಿ ಪಾತೇಲಿಗೆ ಬಿದ್ದರೆ ಇಡೀ ಪಾತೇಲಿ ಚೆಲ್ಲಬೇಕಾಗುತ್ತಿತ್ತು. ಎರಡು ವರ್ಷ ನಾನು ಮಾಡಿದ್ದು ಇಷ್ಟೇ. ಮನೆಗೆ ಹೋಗಿ ಎಷ್ಟು ಕೈ ತೊಳೆದರೂ ವಾಸನೆ ಹೋಗುತ್ತಿರಲಿಲ್ಲ.

ಭಟ್ಟಿಯ ಜವಾಬ್ದಾರಿ ರಸೂಲ್ ಚಾಚಾನದು. ಮಿರಜ ಕಡೆಯಿಂದ ಬಂದ ಮನುಷ್ಯ, ಕಡಿಮೆ ಮಾತಿನವನು. ಕಟ್ಟಿಗೆಯ ಭಟ್ಟಿಯೊಳಗೆ ಕೈ ಚಾಚಿ, ಮನಸ್ಸಿನಲ್ಲೇ ಎಣಿಸಿ, ಬಿಸಿ ಎಷ್ಟಿದೆ ಎಂದು ಹೇಳುತ್ತಿದ್ದ. ಗಡಿಯಾರ, ಥರ್ಮಾಮೀಟರು ಎರಡೂ ಇರಲಿಲ್ಲ. ಬೇಕರಿಯ ಮಾಲಕರು ಶೈವ ಮನೆತನದವರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ. ಹಾಗಾಗಿ ತಮ್ಮದೇ ಅಂಗಡಿಯ ಕೇಕಿನ ರುಚಿ ಅವರಿಗೆ ಗೊತ್ತಿರಲಿಲ್ಲ. ಕೇಕು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಗಿರಾಕಿಗಳ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ಒಳ್ಳೆಯ ವ್ಯಾಪಾರಿ, ಕೆಟ್ಟ ಮನುಷ್ಯರೇನಲ್ಲ. ಮುಂದೆ ಬರೆಯುವುದನ್ನು ಓದುವಾಗ ಅದು ನೆನಪಿರಲಿ.

ಮೊಟ್ಟೆಯಿಲ್ಲದ ಕೇಕಿನ ಮಾತು ಬಂದದ್ದು ಉಟಗಿಯಿಂದ. ಅಲ್ಲಿಯ ಒಬ್ಬ ಕಾಳಿನ ವ್ಯಾಪಾರಿಯ ಮನೆಯಲ್ಲಿ ಅಜ್ಜನಿಗೆ ಎಪ್ಪತ್ತೈದು ತುಂಬಿತ್ತು. ಮೊಮ್ಮಕ್ಕಳಿಗೆ ಕೇಕು ಕತ್ತರಿಸಬೇಕೆಂಬ ಆಸೆ. ಆದರೆ ಆ ಮನೆಯ ಹೊಸ್ತಿಲೊಳಗೆ ಮೊಟ್ಟೆ ಬರುವ ಹಾಗಿಲ್ಲ. ಮಾಲಕರು ಹಿಂದೆಮುಂದೆ ನೋಡದೆ ಒಪ್ಪಿಕೊಂಡು ಬಂದರು.

ರಸೂಲ್ ಚಾಚಾ ಕೇಳಿ ನಕ್ಕ. "ತತ್ತಿ ಇಲ್ದ ಕೇಕ್ ಎಲ್ಲಿಂದ ಬಂತ್ರಿ ಮಾಲಕ್? ಅದು ರೊಟ್ಟಿ ಆಗ್ತೈತಿ."

"ರೊಟ್ಟಿನ ಆಗ್ಲಿ. ಮ್ಯಾಲ ಕ್ರೀಮ್ ಹಚ್ಚಿ ಕೊಡು," ಎಂದರು ಮಾಲಕರು.

ಮೊದಲ ಸಲ ಮೊಟ್ಟೆ ಬಿಟ್ಟು ಉಳಿದದ್ದೆಲ್ಲ ಹಾಕಿ ಬೇಯಿಸಿದೆವು. ಅಂಚು ನಿಂತಿತು, ನಡುವೆ ಕುಸಿದು ತಟ್ಟೆಯಂತಾಯಿತು. ಕೈ ಹಚ್ಚಿದರೆ ಪುಡಿಪುಡಿ. ಚಾಚಾ ನನಗೆ ಆಗ ಒಂದು ಪಾಠ ಹೇಳಿದ. "ನೋಡ ಬೇಟಿ, ತತ್ತಿ ಒಂದ ಕೆಲಸ ಮಾಡೂದಿಲ್ಲ. ಹಿಟ್ಟು ಹಿಡೀತೈತಿ, ಮ್ಯಾಲ ಎಬ್ಬಸ್ತೈತಿ, ಮೆತ್ತಗ ಇಡ್ತೈತಿ, ಬಣ್ಣಾನೂ ಕೊಡ್ತೈತಿ. ಅದನ್ನ ತಗದ್ರ ಅದರ ಜಾಗಾಕ್ಕ ಒಬ್ಬರು ಸಾಲೂದಿಲ್ಲ, ನಾಕು ಮಂದಿ ಬೇಕು." ಬದಲಿ ಹಾಕುವವರು ತಿಳಿಯಬೇಕಾದ ಶಾಸ್ತ್ರ ಇಷ್ಟೇ, ನಾನು ಆಮೇಲೆ ಕಲಿತದ್ದೆಲ್ಲ ಇದರ ವಿಸ್ತಾರ.

ಎಬ್ಬಿಸಲು ಹುಳಿ ಮೊಸರು, ಅಡುಗೆ ಸೋಡಾ ಸಾಕೆಂದು ಗೊತ್ತಾಯಿತು. ಹಿಡಿಸಲು ಏನು? ನನಗೆ ಅಗಸೆ ನೆನಪಾಯಿತು. ಅಗಸೆ ನೆನೆಸಿದರೆ ಲೋಳೆ ಬರುತ್ತದೆ. ನಮ್ಮ ಅವ್ವ ಅದನ್ನು ಸೋಸಿ ನಮ್ಮ ತಲೆಗೂದಲಿಗೆ ಹಚ್ಚುತ್ತಿದ್ದಳು. ಹೇಳಿದೆ.

"ತಲಿಗೆ ಹಚ್ಚೂದನ್ನ ಕೇಕಿಗೆ ಹಾಕ್ತಿ?" ಎಂದು ಚಾಚಾ ನನ್ನನ್ನೇ ನೋಡಿದ. ಆದರೂ ಬೇಡವೆನ್ನಲಿಲ್ಲ.

ಉತ್ಸಾಹದಲ್ಲಿ ಅಗಸೆ ಪುಡಿಯನ್ನು ಬೊಗಸೆಗಟ್ಟಲೆ ಹಾಕಿಬಿಟ್ಟೆ. ಕೇಕು ನಿಂತಿತು, ಕುಸಿಯಲಿಲ್ಲ. ಬಣ್ಣ ಮಾತ್ರ ಮಣ್ಣಿನದು. ಒಂದು ತುಂಡನ್ನು ಹಾಲು ಹಾಕಲು ಬಂದ ಮುದುಕನಿಗೆ ಕೊಟ್ಟೆವು. ಅವನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. "ಚಲೋ ಐತವ್ವಾ. ನಮ್ಮ ಎಮ್ಮಿಗೆ ಹಾಕೂ ಹಿಂಡಿ ಹಿಂಗ ಇರ್ತೈತಿ," ಎಂದ. ಅಗಸೆ ಹಿಂಡಿ ತಿಂದ ಎಮ್ಮೆ ಚೆನ್ನಾಗಿ ಹಾಲು ಕೊಡುತ್ತದೆ ಎಂದೂ ಸೇರಿಸಿದ. ಮೂರನೆಯ ಸಲ ಒಂದು ಮೊಟ್ಟೆಗೆ ಒಂದು ಚಮಚ ಅಗಸೆ ಪುಡಿ, ಮೂರು ಚಮಚ ನೀರು, ಲೋಳೆ ಬರುವ ತನಕ ಬಿಟ್ಟು ಆಮೇಲೆ ಕಲಸಿದೆ. ಜೊತೆಗೆ ಮೊಸರು, ಗಟ್ಟಿ ಮಾಡಿದ ಹಾಲು. ಅದು ಕೇಕಾಯಿತು. ಈಗಿನವರು ಬರೆದುಕೊಳ್ಳುವ ಅಳತೆಯೂ ಅದೇ.

ಉಟಗಿಯ ಅಜ್ಜ ಎರಡು ತುಂಡು ತಿಂದರೆಂದು ಸುದ್ದಿ ಬಂತು. ಮುಂದಿನ ಸಲ ಆ ಮನೆಯ ಮಗ ಅಂಗಡಿಗೆ ಬಂದು ಕೇಳಿದ: "ಭಟ್ಟಿ, ಪಾತ್ರಿ ಎಲ್ಲಾ ಬ್ಯಾರೆ ಅದಾವಲ್ರಿ?"

"ಎಲ್ಲಾ ಬ್ಯಾರೆನ ಅದಾವ್ರಿ," ಎಂದರು ಮಾಲಕರು.

ಇದ್ದದ್ದು ಒಂದೇ ಭಟ್ಟಿ. ಅವೇ ಪಾತೇಲಿಗಳು, ಅವೇ ಚಾಕುಗಳು. ಅವನು ಹೋದ ಮೇಲೆ ಮಾಲಕರು ನನ್ನ ಕಡೆ ತಿರುಗಿ, "ಹಾಕಿಲ್ಲಲ್ಲಾ? ಹಾಕಿಲ್ಲಂದ್ರ ಮುಗೀತು," ಎಂದರು. ನನಗೂ ಹಾಗೆಯೇ ಅನ್ನಿಸಿತು. ಪಾತೇಲಿ ತೊಳೆದೇ ಇರುತ್ತೇವೆ, ಇನ್ನೇನು ಬೇಕು? ಆ ಲೆಕ್ಕದ ಮೇಲೆ ನಾವು ಎಷ್ಟೋ ವರ್ಷ ನಡೆದೆವು. ಶ್ರಾವಣದಲ್ಲಿ, ಮದುವೆ ಗೊತ್ತಾದ ಮನೆಗಳಿಂದ, ಜೈನರ ಮನೆಗಳಿಂದ ಕೇಳಿಕೆ ಹೆಚ್ಚುತ್ತ ಹೋಯಿತು. ಮೊಟ್ಟೆಯಿಲ್ಲದ್ದು ಬೇಕೆಂದರೆ ಶಾಂತಾ ಎಂದಾಯಿತು. ಮೊಟ್ಟೆ ಒಡೆಯಲು ಬಂದವಳು ಮೊಟ್ಟೆ ಬಿಡುವ ಕೆಲಸಕ್ಕೆ ನಿಂತೆ.

ಲಕ್ಕವ್ವ ಬಂದದ್ದು ಆ ದಿನಗಳಲ್ಲಿ. ಮಾಡಗ್ಯಾಳದವಳು, ಕುರಿ ಸಾಕುವ ಮನೆ. ಗಂಡನ ಹೆಸರು ಬೀರಪ್ಪ. ಅವಳು ಗಲ್ಲೆಯ ಮುಂದೆ ನಿಂತು ಯಾವ ಕೇಕನ್ನೂ ನೋಡದೆ ನೇರವಾಗಿ ಕೇಳಿದಳು: "ತತ್ತಿ ಇಲ್ಲದ್ದ ಮಾಡವ್ರು ಯಾರ್ರಿ ಇಲ್ಲಿ?"

ನನ್ನನ್ನು ಕರೆದರು. ಅವಳ ಮಗಳು ಅಂಕಿತಾಗೆ ಮೂರು ತುಂಬುವುದಿತ್ತು.

"ನೀವು ಶ್ರಾವಣ ಮಾಡ್ತೀರೇನು?" ಎಂದೆ. ಕುರಿಗಾರರ ಮನೆಯವರು ಮೊಟ್ಟೆ ಬೇಡವೆನ್ನುವುದು ನನಗೆ ವಿಚಿತ್ರವಾಗಿ ಕಂಡಿತ್ತು.

"ನಾವು ಎಲ್ಲಾ ತಿಂತೇವಕ್ಕಾ. ಅಕಿಗೆ ಆಗಂಗಿಲ್ಲ. ವರ್ಷದಾಕಿ ಇದ್ದಾಗ ಒಂದ್ ತುಣುಕು ಬಾಯಿಗಿಟ್ಟೆ, ಮಾರಿ ಬಾತು ಕಣ್ಣ ಮುಚ್ಚಿದ್ವು. ದವಾಖಾನ್ಯಾಗ ಅಲರ್ಜಿ ಅಂದ್ರು. ಮನ್ಯಾಗ ಕೋಳಿ ಇದ್ವು, ಕೊಟ್ಟಬಿಟ್ವಿ. ಅಕಿ ಸಲುವಾಗಿ ಈಗ ಯಾರೂ ತಿನ್ನೂದಿಲ್ಲ."

ನಾನು ಕೇಳಿಸಿಕೊಂಡೆ. ಆದರೆ ತಿಳಿದುಕೊಳ್ಳಲಿಲ್ಲ. ಉಟಗಿಯ ಅಜ್ಜ ತಿನ್ನುವುದಿಲ್ಲ, ಈ ಮಗು ತಿನ್ನುವುದಿಲ್ಲ. ಇಬ್ಬರಿಗೂ ಒಂದೇ ಕೇಕು ಎಂದುಕೊಂಡೆ. ಅಜ್ಜನಿಗೆ ಗೊತ್ತಿಲ್ಲದೆ ಒಂದು ಹನಿ ಹೋದರೆ ನಾವು ಅವರ ನಂಬಿಕೆಗೆ ಮೋಸ ಮಾಡಿದ ಹಾಗೆ, ಅದೂ ತಪ್ಪೇ. ಈ ಮಗುವಿಗೆ ಒಂದು ಹನಿ ಹೋದರೆ ಆಗುವುದು ಬೇರೆ. ಈ ವ್ಯತ್ಯಾಸವನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಲಿಲ್ಲ.

ಮೂರನೆಯ ವರ್ಷದ ಹುಟ್ಟುಹಬ್ಬ ಸುಸೂತ್ರವಾಯಿತು, ನಾಲ್ಕನೆಯದೂ ಆಯಿತು. ಈಗ ಅನ್ನಿಸುತ್ತದೆ, ಆ ಎರಡು ಸಲ ನಾವು ಪಾರಾದದ್ದು ನಮ್ಮ ಎಚ್ಚರದಿಂದಲ್ಲ.

ಐದನೆಯದೂ ಹಿಂದಿನವುಗಳಂತೆ ವರ್ಷದ ಕೊನೆಯ ದಿನವೇ ಬಂತು. ಆ ದಿನ ಬೇಕರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಕಿತಾಳ ಕೇಕನ್ನು ನಾನು ಬೇರೆಯಾಗಿ ಕಲಸಿ ಬೇಯಿಸಿದ್ದೆ, ಅದರಲ್ಲಿ ಕೊರತೆಯಿರಲಿಲ್ಲ. ಕ್ರೀಮು ಹಚ್ಚುವ ಮೊದಲು ಕೇಕಿಗೆ ಸಕ್ಕರೆ ನೀರು ಸವರಬೇಕು. ನನ್ನ ಕುಂಚ ಎಲ್ಲೋ ಸೇರಿಹೋಗಿತ್ತು. ಗೋಡೆಯ ಮೊಳೆಗೆ ಇನ್ನೊಂದು ಕುಂಚ ತೂಗುತ್ತಿತ್ತು. ಬನ್ನುಗಳ ಮೇಲೆ ಹೊಳಪಿಗಾಗಿ ಮೊಟ್ಟೆ ಸವರುವ ಕುಂಚ. ತೊಳೆದಂತೆ ಕಂಡಿತು. ಮೂಸಿ ನೋಡಿದೆ, ವಾಸನೆ ಇರಲಿಲ್ಲ. ಇನ್ನೊಮ್ಮೆ ನೀರಲ್ಲಿ ಜಾಲಿಸಿ ಅದರಿಂದಲೇ ಸಕ್ಕರೆ ನೀರು ಸವರಿದೆ. ಕೂದಲಿನ ಬುಡದಲ್ಲಿ ಏನು ಉಳಿದಿತ್ತೋ ನನಗೆ ಕಾಣಲಿಲ್ಲ. ಕೇಕು ಕಟ್ಟಿಕೊಟ್ಟೆ, ಬೀರಪ್ಪ ಬಂದು ಒಯ್ದ.

ಮರುದಿನ ಮಧ್ಯಾಹ್ನ ಲಕ್ಕವ್ವ ಒಬ್ಬಳೇ ಬಂದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ಅದನ್ನು ಗಲ್ಲೆಯ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ನಾನು ಮಾಡಿದ ಕೇಕಿನ ತುಂಡು.

"ಇದ್ರಾಗ ಏನೈತಿ ಹೇಳ್ರಿ," ಎಂದಳು.

ಎರಡು ತುತ್ತು ತಿಂದ ಕೂಡಲೇ ಮಗುವಿನ ತುಟಿ ಬಾತಿತ್ತು; ಆಮೇಲೆ ಉಸಿರು ಹಿಡಿದು ಶಿಳ್ಳೆಯಂತೆ ಸದ್ದು ಬರತೊಡಗಿತ್ತು. ಜೀಪಿನಲ್ಲಿ ಹಾಕಿಕೊಂಡು ಜತ್ತಕ್ಕೆ ತಂದಿದ್ದರು. ದಾರಿಯಲ್ಲಿ ಎರಡು ಸಲ ಮಗು ಕಣ್ಣು ಮೇಲೆ ಮಾಡಿತಂತೆ. ಸೂಜಿ ಹಾಕಿದ ಮೇಲೆ ಉಸಿರು ಬಂತು. ಇನ್ನೂ ದವಾಖಾನೆಯಲ್ಲೇ ಇದ್ದಳು.

ಮಾಲಕರು ಮುಂದೆ ಬಂದರು. "ತಂಗೀ, ಇದ್ರಾಗ ತತ್ತಿ ಹಾಕಿಲ್ಲ. ದೇವರ ಆಣಿ ಹಾಕಿಲ್ಲ. ಕೂಸು ಬ್ಯಾರೆ ಏನರ ತಿಂದಿರ್ಬೇಕು ನೋಡು."

ಅವಳು ನನ್ನನ್ನು ನೋಡಿದಳು. ನನ್ನ ಕಣ್ಣ ಮುಂದೆ ಮೊಳೆಯ ಮೇಲಿನ ಕುಂಚ ಬಂದಿತ್ತು. ನಾನು, "ಹಾಕಿಲ್ಲವ್ವಾ," ಎಂದೆ. ಅದು ಸುಳ್ಳಾಗಿರಲಿಲ್ಲ. ನಿಜವೂ ಆಗಿರಲಿಲ್ಲ. ಅವಳು ಡಬ್ಬಿ ಮುಚ್ಚಿಕೊಂಡು ಹೋದಳು.

ಮಗುವನ್ನು ಮನೆಗೆ ಕರೆದೊಯ್ದರೆಂದು ಎರಡು ದಿನಗಳ ಮೇಲೆ ತಿಳಿಯಿತು. ಹೇಳಿದವಳು ಮಾಡಗ್ಯಾಳದಿಂದ ಬೆಣ್ಣೆ ತರುವ ಹೆಂಗಸು. ಅವಳು ಇನ್ನೊಂದು ಮಾತನ್ನೂ ಹೇಳಿದಳು. ಕೇಕಿನಲ್ಲಿ ಮೊಟ್ಟೆ ಇರಲಿಲ್ಲವೆಂದು ಬೇಕರಿಯವರು ಹೇಳಿದ್ದರಿಂದ, ಬೇರೆ ಯಾವುದಕ್ಕೆ ಹೀಗಾಯಿತೋ ತಿಳಿಯುವ ತನಕ ಗೋಧಿ, ಹಾಲು, ಶೇಂಗಾ, ಅಗಸೆ ಎಲ್ಲ ಬಿಡಿಸಲು ಡಾಕ್ಟರು ಹೇಳಿದ್ದರು. "ಕೂಸು ಹಾಲಿಗೆ ಅಳ್ತೈತ್ರಿ. ಬರೇ ಅನ್ನ, ಜ್ವಾಳದ ಗಂಜಿ ಮ್ಯಾಲ ಇಟ್ಟಾರ," ಎಂದಳು.

ಡಾಕ್ಟರು ಮಾಡಿದ್ದು ಸರಿ. ನಾವು ಕೊಟ್ಟ ಉತ್ತರದ ಮೇಲೆ ಅವರು ಬೇರೇನು ಮಾಡಬಹುದಿತ್ತು? ನಾನು ಎಪ್ರನ್ ಬಿಚ್ಚಿ, ರಸೂಲ್ ಚಾಚಾನಿಗೆ ಕುಂಚದ ಸಂಗತಿ ಹೇಳಿದೆ. ಅವನು ಮೊಳೆಯಿಂದ ಕುಂಚ ತೆಗೆದು, ಬುಡದ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದ. ಹಳದಿ ಹೆಪ್ಪು ಅಲ್ಲಿ ಅಂಟಿತ್ತು.

"ಹೋಗಿ ಹೇಳಿ ಬಾ," ಎಂದ.

"ಮಾಲಕರು?"

"ಅವ್ರಿಗೆ ನಾ ಹೇಳ್ತೇನಿ. ನೀ ಜೀಪ್ ಹಿಡಿ."

ಮಾಡಗ್ಯಾಳದಲ್ಲಿ ಅವರ ಮನೆ ಹುಡುಕಲು ಕಷ್ಟವಾಗಲಿಲ್ಲ. ದೊಡ್ಡಿಯಲ್ಲಿ ಆ ಕಡೆಯ ಉದ್ದ ಕಾಲಿನ, ಬಾಗಿದ ಮೂಗಿನ ಕುರಿಗಳು. ಬೀರಪ್ಪ ಅವುಗಳಿಗೆ ಮೇವು ಹಾಕುತ್ತಿದ್ದ. ಲಕ್ಕವ್ವ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು. ಒಳಗೆ ಕರೆಯಲಿಲ್ಲ, ಹೋಗೆನ್ನಲೂ ಇಲ್ಲ. ನಿಂತಲ್ಲೇ ಹೇಳಿದೆ. ಕುಂಚ ಯಾವುದು, ಹೇಗೆ ತೆಗೆದುಕೊಂಡೆ, ಬುಡದಲ್ಲಿ ಏನು ಸಿಕ್ಕಿತು, ಅಂಗಡಿಯಲ್ಲಿ ಅವಳು ಕೇಳಿದಾಗ ನನಗೆ ಅನುಮಾನ ಬಂದಿತ್ತು ಎಂಬುದನ್ನೂ ಹೇಳಿದೆ.

ಅವಳು ಕೇಳಿದ್ದು ನಾನು ಎಣಿಸಿರದ ಪ್ರಶ್ನೆ.

"ಹಂಗಾರ ಅಕಿ ಹಾಲು ಕುಡೀಬಹುದು?"

"ಡಾಕ್ಟರಿಗೆ ಇದನ್ನ ಹೇಳ್ರಿ, ಅವ್ರು ಹೇಳ್ತಾರ. ನಾನೂ ಬರ್ತೇನಿ, ನನ್ನ ಬಾಯಿಲೆ ಹೇಳ್ತೇನಿ," ಎಂದೆ.

ಬೀರಪ್ಪ ದೊಡ್ಡಿಯಿಂದ ಬಂದ. ಎಲ್ಲ ಕೇಳಿಸಿಕೊಂಡಿದ್ದ. "ಮೂರ ದಿನಾ ನಮ್ಮ ಕೂಸು ಉಪಾಸ ಬಿದ್ದೈತಿ. ನಿಮಗ ಮೂರ ದಿನಾ ಬೇಕಾದ್ವು ಇದನ್ನ ಹೇಳಾಕ?" ಎಂದ. "ಇನ್ನ ಮ್ಯಾಲ ನಿಮ್ಮ ಅಂಗಡಿ ಮೆಟ್ಟಲಾ ನಾವು ಹತ್ತೂದಿಲ್ಲ," ಎಂದು ಹೇಳಿ ತಿರುಗಿ ಹೋದ. ಅದೇ ಸಂಜೆ ಲಕ್ಕವ್ವನ ಜೊತೆ ಡಾಕ್ಟರ ಬಳಿ ಹೋಗಿ ಹೇಳಿದೆ. ಅವರು ಬರೆದುಕೊಂಡರು, ಸ್ವಲ್ಪ ದಿನ ನೋಡಿ ಒಂದೊಂದಾಗಿ ಎಲ್ಲವನ್ನೂ ಮತ್ತೆ ಶುರು ಮಾಡಿಸಿದರು. ನನಗೆ ಹೇಳಿದ್ದು ಒಂದೇ ಮಾತು: "ಬೇಯಿಸಿದ್ದಕ್ಕಿಂತ ಹಸಿ ಮೊಟ್ಟೆ ಇಂಥವರಿಗೆ ಹೆಚ್ಚು ಅಪಾಯ. ನೀವು ಸವರಿದ್ದು ಹಸಿಯದು."

ಬೇಕರಿಯಲ್ಲಿ ನಾನು ಮಾಲಕರಿಗೆ ಮೂರು ಮಾತು ಕೇಳಿದೆ. ಮೊಟ್ಟೆಯಿಲ್ಲದ ಕೆಲಸಕ್ಕೆ ಬೇರೆ ಪಾತ್ರೆ, ಬೇರೆ ಕಪಾಟು, ಅದಕ್ಕೆ ಬೀಗ. ಬೆಳಿಗ್ಗೆ ಒಂದು ಮೊಟ್ಟೆಯನ್ನೂ ಒಡೆಯುವ ಮೊದಲು ಆ ಕೆಲಸ ಮುಗಿಯಬೇಕು. ಅಲರ್ಜಿ ಇದ್ದವರಿಗೆ ನಾವು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

"ಇವತ್ತ ಬ್ಯಾರೆ ಕಪಾಟ ಅಂತಿ, ನಾಳಿ ಬ್ಯಾರೆ ಬೇಕರಿ ಅಂತಿ," ಎಂದರು ಮಾಲಕರು. "ವರ್ಷಕ್ಕ ಒಂದ್ ಕೇಕ್ ಒಯ್ಯೂ ಗಿರಾಕಿ ಸಲುವಾಗಿ?"

ರಸೂಲ್ ಚಾಚಾ ಭಟ್ಟಿಯ ಬಾಗಿಲು ಮುಚ್ಚಿ ಬಂದ. ಹದಿನೈದು ವರ್ಷದಲ್ಲಿ ಅವನು ಮಾಲಕರೆದುರು ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ, ಆಗಲೂ ಎತ್ತಲಿಲ್ಲ. "ಮಾಲಕ್, ಆ ಕೂಸು ಹೋಗಿದ್ರ ನಮ್ಮ ಕೈಯಿಂದ ಹೋಗ್ತಿತ್ತು. ಕಪಾಟ ಬರೂ ತನಕಾ ನಾ ಭಟ್ಟಿ ಹಚ್ಚೂದಿಲ್ಲ," ಎಂದ.

ಕಪಾಟು ಬಂತು. ಕೆಂಪು ಹಿಡಿಕೆಯ ಚಾಕು, ಕುಂಚ, ಸೌಟು ಬಂದವು. ಅವನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟುವ ಹಾಗಿರಲಿಲ್ಲ. ಬನ್ನುಗಳ ಹೊಳಪಿಗೂ ಮೊಟ್ಟೆ ಬಿಟ್ಟು ಹಾಲು, ಬೆಲ್ಲದ ನೀರು ಸವರತೊಡಗಿದೆವು. ಬಣ್ಣ ಒಂದಿಷ್ಟು ಕಡಿಮೆ ಬಂದರೂ ಯಾರೂ ದೂರಲಿಲ್ಲ. ಮುಂದಿನ ಸಲ ಉಟಗಿಯ ಮನೆಯಿಂದ ಕೇಳಿಕೆ ಬಂದಾಗ ಮಾಲಕರು ತಾವೇ, "ಭಟ್ಟಿ ಒಂದ ಐತ್ರಿ. ಮೊದಲ ಸುಳ್ಳ ಹೇಳಿದ್ದೆ," ಎಂದುಬಿಟ್ಟರು. ಆ ಗಿರಾಕಿ ಹೋದಂತೆಯೇ ಎಂದು ನಾವು ಅಂದುಕೊಂಡೆವು. ಅಜ್ಜ ಹೇಳಿಕಳಿಸಿದ್ದು ಬೇರೆ: ಭಟ್ಟಿ ಒಂದೇ ಇರಲಿ, ಮುಂಜಾನೆ ಮೊದಲು ನಮ್ಮದು ಮಾಡಿಕೊಡಲಿ.

ಎರಡು ವರ್ಷ ಬೀರಪ್ಪನ ಮನೆಯಿಂದ ಯಾರೂ ಬರಲಿಲ್ಲ. ಮೂರನೆಯ ವರ್ಷ, ಬೆಳಗಿನ ಮೊದಲ ಜೀಪಿಗೆ ಲಕ್ಕವ್ವ ಬಂದಳು. ಅಂಗಡಿ ಇನ್ನೂ ತೆರೆದಿರಲಿಲ್ಲ. ಹಿಂದಿನ ಬಾಗಿಲಿಗೆ ಬಂದು ನಿಂತಳು.

"ಸಾಲ್ಯಾಗ ಎಲ್ಲಾರೂ ಹುಟ್ಟಿದ ದಿವ್ಸಕ್ಕ ಕೇಕ್ ಒಯ್ತಾರ. ಇಕಿ ಕೇಳಾಕ ಹತ್ಯಾಳ. ನಾ ಇಲ್ಲೇ ನಿಂತ ನೋಡ್ತೇನಿ, ನೀವು ಮಾಡ್ರಿ."

"ಬರ್ರಿ, ಕುಂದ್ರಿ," ಎಂದೆ.

"ಕುಂದ್ರೂದಿಲ್ಲ."

ನಿಂತೇ ನೋಡಿದಳು. ಕಪಾಟಿನ ಬೀಗ ತೆಗೆದದ್ದು, ಪಾತ್ರೆಯನ್ನು ಮತ್ತೆ ತೊಳೆದದ್ದು, ಅಗಸೆ ನೆನೆಸಿದ್ದು. ಕುಂಚ ಕೈಗೆತ್ತಿಕೊಂಡಾಗ, "ತೋರ್ಸ್ರಿ," ಎಂದು ಇಸಿದುಕೊಂಡು ಬುಡ ಬಿಡಿಸಿ ನೋಡಿ ಮರಳಿ ಕೊಟ್ಟಳು. ಆ ದಿನದಿಂದ ಪ್ರತಿ ವರ್ಷ ಅವಳು ಹಾಗೆಯೇ ಬಂದಳು, ಹಾಗೆಯೇ ನಿಂತಳು. ನಾಲ್ಕನೆಯ ವರ್ಷವೋ ಐದನೆಯ ವರ್ಷವೋ ಸ್ಟೂಲಿನ ಮೇಲೆ ಕೂತಳು. ಕುಂಚ ನೋಡುವುದನ್ನು ಮಾತ್ರ ಬಿಡಲಿಲ್ಲ. ನಾನೂ ಅವಳು ಕೇಳುವ ಮೊದಲೇ ಚಾಚುವುದನ್ನು ರೂಢಿ ಮಾಡಿಕೊಂಡೆ.

ಈ ನಡುವೆ ಕೆಲಸ ಬದಲಾಯಿತು. ಕಟ್ಟಿಗೆ ಭಟ್ಟಿ ಹೋಗಿ ಗ್ಯಾಸಿನ ಓವನ್ ಬಂತು. ರಸೂಲ್ ಚಾಚಾ ಕೈ ಚಾಚಿ ನೋಡುವುದನ್ನು ಬಿಟ್ಟು ಬಿಸಿ ತೋರಿಸುವ ಮುಳ್ಳು ನೋಡಲು ಕಲಿತ. ಒಂದು ವರ್ಷ ಕಲಿತು, ಸಾಕೆಂದು ಊರಿಗೆ ಹೋದ. ಮೊಟ್ಟೆಯಿಲ್ಲದ ಕೇಕಿನ ತಯಾರು ಹಿಟ್ಟು ಪ್ಯಾಕೇಟಿನಲ್ಲಿ ಬರತೊಡಗಿತು. ನೀರು, ಎಣ್ಣೆ ಹಾಕಿ ಕಲಸಿದರೆ ಮುಗಿಯಿತು. ನಡುವೆ ಕುಸಿಯುವುದಿಲ್ಲ, ಹಿಂಡಿಯ ಬಣ್ಣ ಬರುವುದಿಲ್ಲ. ನಾನು ಅದನ್ನು ದೂರುವುದಿಲ್ಲ, ಬಳಸಿದ್ದೇನೆ. ಆದರೆ ಪ್ಯಾಕೇಟಿನ ಹಸಿರು ಚುಕ್ಕೆ ಮಾತ್ರ ನೋಡಿ ಸುಮ್ಮನಾಗಬೇಡಿ. ಹಿಂದೆ ಸಣ್ಣಕ್ಷರದಲ್ಲಿ, ಇದನ್ನು ತಯಾರಿಸುವ ಜಾಗದಲ್ಲಿ ಇನ್ನೇನೇನು ಬಳಸುತ್ತಾರೆಂದು ಬರೆದಿರುತ್ತಾರೆ. ಪ್ರತಿ ಸಲ ಹೊಸ ಪ್ಯಾಕೇಟು ತಂದಾಗಲೂ ಓದಿ. ಇಂಗ್ಲಿಷ್ ಬಾರದಿದ್ದರೆ ಓದಿಸಿ. ನಾನು ಔಷಧಿ ಅಂಗಡಿಯವರ ಹತ್ತಿರ ಓದಿಸುತ್ತಿದ್ದೆ.

ಕೆಲಸ ಬಿಟ್ಟು ಯಳವಿಯ ಮನೆಯಲ್ಲಿ ಕೂತ ಮೇಲೆ, ಈಚೆಗೆ ಒಂದು ದಿನ ಲಕ್ಕವ್ವ ಮತ್ತು ಅಂಕಿತಾ ಬಂದರು. ಹುಡುಗಿಗೆ ಹದಿನೇಳು. ಸಾಂಗಲಿಯಲ್ಲಿ ನರ್ಸಿಂಗ್ ಕಲಿಯುವ ಆಸೆ, ಹಾಸ್ಟೆಲಿನಲ್ಲಿ ಇರಬೇಕು. ಲಕ್ಕವ್ವ ಕೂತು, ನೀರು ಕುಡಿದು, ಸುಮಾರು ಹೊತ್ತು ಬೇರೇನೋ ಮಾತಾಡಿ ಕೊನೆಗೆ ಹೇಳಿದಳು:

"ಅಕ್ಕಾ, ಅಕಿಗೆ ತತ್ತಿ ಹಾಕಿ ಕೇಕ್ ಮಾಡಿಕೊಡ್ರಿ."

ನಾನು ತಪ್ಪಾಗಿ ಕೇಳಿಸಿಕೊಂಡೆ ಎಂದುಕೊಂಡೆ. ಅಂಕಿತಾ ಚೀಲದಿಂದ ಒಂದು ಕಾಗದ ತೆಗೆದಳು. ಮಿರಜದ ಡಾಕ್ಟರು ರಕ್ತ, ಚರ್ಮ ಎಲ್ಲ ಪರೀಕ್ಷೆ ಮಾಡಿ, ವಯಸ್ಸಾದಂತೆ ಅಲರ್ಜಿ ಕಡಿಮೆಯಾದ ಹಾಗಿದೆ, ಚೆನ್ನಾಗಿ ಬೇಯಿಸಿದ ಮೊಟ್ಟೆ ತಡೆದುಕೊಳ್ಳಬಹುದು ಎಂದಿದ್ದರು. ಅದನ್ನು ಖಚಿತ ಮಾಡಲು ದವಾಖಾನೆಯಲ್ಲಿ, ಅವರ ಕಣ್ಣೆದುರು, ಸೂಜಿ ಸಿದ್ಧ ಇಟ್ಟುಕೊಂಡು ತಿನ್ನಿಸಿ ನೋಡಬೇಕು. ಕೇಕನ್ನು ಮನೆಯಿಂದ ತರಬೇಕು. ಇಷ್ಟು ಹಿಟ್ಟಿಗೆ ಎರಡು ಮೊಟ್ಟೆ, ಆರು ಸಣ್ಣ ಕೇಕು, ಅರ್ಧ ಗಂಟೆ ಓವನ್ನಿನಲ್ಲಿ, ನಡುವೆ ಹಸಿ ಉಳಿಯಬಾರದು ಎಂದು ಕಾಗದದಲ್ಲಿತ್ತು.

"ಬ್ಯಾರೆ ಯಾರಿಗೂ ಹೇಳಾಕ ಧೈರ್ಯ ಆಗ್ಲಿಲ್ಲ," ಎಂದಳು ಲಕ್ಕವ್ವ.

"ನನಗೂ ಇಲ್ಲ," ಎಂದೆ. ಅದು ನಿಜ.

"ಮಾವಶಿ, ಹಾಸ್ಟೆಲ್‌ದಾಗ ಯಾರ ಕುಂಚ ನೋಡ್ಲಿ ನಾ?" ಎಂದಳು ಅಂಕಿತಾ. ಅವಳು ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ನಾನು ಕಾಗದ ಇಸಿದುಕೊಂಡೆ.

ಮಿರಜಕ್ಕೆ ಹೋಗುವ ದಿನದ ಬೆಳಿಗ್ಗೆ ಎರಡು ಮೊಟ್ಟೆ ಒಡೆದೆ. ಒಂದೊಂದನ್ನೂ ಬಟ್ಟಲಿಗೆ ಹಾಕಿ ಮೂಸಿದೆ. ಕಾಗದದಲ್ಲಿ ಇದ್ದಂತೆ ಅಳೆದು, ಮನೆಯ ಸಣ್ಣ ಓವನ್ನಿನಲ್ಲಿ ಬೇಯಿಸಿದೆ. ಅರ್ಧ ಗಂಟೆಯಾದ ಮೇಲೆ ಒಂದನ್ನು ಮುರಿದು ನೋಡಿದೆ, ಒಳಗೆ ಒಣಗಿತ್ತು. ಉಳಿದ ಐದನ್ನು ಡಬ್ಬಿಗೆ ಹಾಕಿದೆ. ಕಲಿಯುವವರಿಗೆ ಒಂದು ಮಾತು: ಇದನ್ನು ಓದಿ ಯಾರೂ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಯಾರಿಗೂ ಮಾಡಿಸಬೇಡಿ. ಅದು ಡಾಕ್ಟರ ಕೆಲಸ. ನಾನು ಮಾಡಿದ್ದು ಬೇಯಿಸುವ ಕೆಲಸ ಮಾತ್ರ.

ಲಕ್ಕವ್ವ ಕೇಳಿದ್ದರಿಂದ ನಾನೂ ಮಿರಜಕ್ಕೆ ಹೋದೆ. ನರ್ಸ್ ಮೊದಲು ಬಟಾಣಿಯಷ್ಟು ಚೂರು ಕೊಟ್ಟಳು. ಕಾದೆವು. ನಾಡಿ ನೋಡಿದರು, ತುಟಿ ನೋಡಿದರು. ಆಮೇಲೆ ಅದಕ್ಕಿಂತ ದೊಡ್ಡ ಚೂರು. ಮತ್ತೆ ಕಾದೆವು. ಲಕ್ಕವ್ವ ಮಗಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಒಮ್ಮೆ ಅಂಕಿತಾ ಕತ್ತು ಕೆರೆದುಕೊಂಡಳು. ಲಕ್ಕವ್ವ ಎದ್ದು ನಿಂತುಬಿಟ್ಟಳು, ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು.

"ಸೊಳ್ಳಿ ಕಡದೈತವ್ವಾ," ಎಂದಳು ಹುಡುಗಿ. ನರ್ಸ್ ನೋಡಿ, ಹೌದು ಸೊಳ್ಳೆಯೇ ಎಂದಳು.

ಇಡೀ ಕೇಕು ತಿಂದು ಮುಗಿಸಿದ ಮೇಲೆ ಎರಡು ಗಂಟೆ ಕೂರಿಸಿದರು. ಏನೂ ಆಗಲಿಲ್ಲ. ಡಾಕ್ಟರು ಬಂದು, ಇಷ್ಟು ಚೆನ್ನಾಗಿ ಬೆಂದ ಕೇಕು, ಬಿಸ್ಕತ್ತು ನಾಳೆಯಿಂದ ತಿನ್ನಬಹುದು, ಆಮ್ಲೆಟ್ಟು, ಹಸಿ ಮೊಟ್ಟೆ ಮಾತ್ರ ಇನ್ನೂ ಬೇಡ ಎಂದರು.

"ಹ್ಯಾಂಗಿತ್ತು?" ಎಂದು ಕೇಳಿದೆ, ಹೊರಗೆ ಬಂದ ಮೇಲೆ.

"ಒಂಥರಾ ವಾಸನಿ ಐತಿ ಮಾವಶಿ. ನಿಮ್ಮ ತತ್ತಿ ಇಲ್ಲದ್ದ ಚಲೋ," ಎಂದಳು. ಲಕ್ಕವ್ವ ಆಗ ಸೆರಗು ಬಾಯಿಗೊತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ನಾವು ಕಾದೆವು.

ಜತ್ತದ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಮಾಡಗ್ಯಾಳದ ಜೀಪು ತುಂಬಲು ಹೊತ್ತಿತ್ತು. ಅಂಕಿತಾ ಪಕ್ಕದ ಅಂಗಡಿಗೆ ಹೋಗಿ ಬಿಸ್ಕತ್ತಿನ ಗಾಜಿನ ಬರಣಿಯತ್ತ ಬೆರಳು ತೋರಿಸಿದಳು. ಇಷ್ಟು ವರ್ಷ ಯಾವ ಅಂಗಡಿಯ ಮುಂದೆ ನಿಂತರೂ ಅವಳ ಬಾಯಿಂದ ಬರುತ್ತಿದ್ದ ಪ್ರಶ್ನೆಯೇ ಆಗಲೂ ಬಂತು.

"ಇದ್ರಾಗ ತತ್ತಿ ಐತೇನ್ರಿ?"

"ಐತಿ," ಎಂದ ಅಂಗಡಿಯವನು, ಬರಣಿಯ ಮುಚ್ಚಳದಿಂದ ಕೈ ತೆಗೆಯುತ್ತ.

ಅವಳು ಬೆರಳು ತೆಗೆಯಲಿಲ್ಲ. "ಇರ್ಲಿ, ಎರಡು ಕೊಡ್ರಿ. ನಾಳಿಗೆ," ಎಂದಳು.